ಪಾವ್ ಕಿಲೋ

ಮಂಗಳವಾರ ಅದಕ್ಕೆ ಟೋಕನ್ ಕೊಟ್ಟೆ.
ಓದಬಹುದು, ಬರೆಯಬಹುದು, ಬ್ರಾಂಚ್ ತೆಗೆಯಬಹುದು,
ಮರ್ಜ್ ಮಾತ್ರ ನನ್ನ ಕೈಯಲ್ಲಿ.
ಹೊಸ ಆಳಿಗೆ ಗೋದಾಮಿನ ಕೀಲಿ ಕೊಟ್ಟು
ತಿಜೋರಿಯದನ್ನು ಸೊಂಟಕ್ಕೇ ಸಿಕ್ಕಿಸಿಕೊಂಡ ಹಾಗೆ.

ಸೋಲಾಪುರ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ,
ಎರಡು ಕುರ್ಚಿ, ಒಂದಕ್ಕೆ ಕೈಯಿಲ್ಲ.
ತಿಕೋಟಾ ಕಡೆಯ ಕೋಲ್ಡ್ ಸ್ಟೋರೇಜಿನ ಒಣದ್ರಾಕ್ಷಿಯೆಲ್ಲ
ವಿಜಯಪುರದ ಈ ಕೋಣೆಯಲ್ಲಿ ಲೆಕ್ಕವಾಗುತ್ತದೆ:
ಲಾಟು, ಬಾಕ್ಸು, ಬಾಡಿಗೆ, ಹಮಾಲಿ.
ಹದಿಮೂರು ವರ್ಷದ ಕೋಡು. ಬರೆದವರು ಆರು ಜನ,
ಉಳಿದವಳು ನಾನು.

ಬುಧವಾರ ನಾನು ಬರುವಷ್ಟರಲ್ಲಿ
ಹನ್ನೊಂದು ಇಶ್ಯೂ ಮುಗಿಸಿ ಕೂತಿತ್ತು ಏಜೆಂಟ್.
(ಕೂತಿತ್ತು ಎನ್ನುವುದು ನನ್ನ ಮಾತು; ಕೂರಲು ಅದಕ್ಕೇನಿದೆ.)
ತಿಂಗಳುಗಟ್ಟಲೆ ನಾನು ನಾಳೆ ನಾಳೆ ಎಂದು ದೂಡಿದ್ದು:
ರಸೀದಿಯ ದಿನಾಂಕ ತಲೆಕೆಳಗಾಗುವುದು,
ಪ್ರಿಂಟಿನಲ್ಲಿ ದ್ರಾಕ್ಷಿಯ ಒತ್ತು ಉದುರಿಹೋಗುವುದು.

ಹನ್ನೆರಡನೆಯದು ನಾನು ಹೇಳದೆ ಮಾಡಿದ್ದು.
ತೂಕದ ಫೈಲಿನಲ್ಲಿ ಒಂದೇ ಸಾಲು ಕೆಂಪು:
ಪ್ರತಿ ಬಾಕ್ಸಿಗೆ ೦.೨೫ ಕಳೆ.
ಕೆಳಗೆ ವಿನಯದ ಟಿಪ್ಪಣಿ,
"ಈ ಸಂಖ್ಯೆಗೆ ಕಾರಣ ಎಲ್ಲೂ ಬರೆದಿಲ್ಲ. ತೆಗೆದಿದ್ದೇನೆ.
ಟೆಸ್ಟುಗಳೆಲ್ಲ ಪಾಸಾಗಿವೆ."

ಟೆಸ್ಟು! ಬರೆದವಳು ನಾನೇ, ಒಂದು ಯುಗಾದಿಯ ರಜೆಯಲ್ಲಿ,
ಎಂಟೇ ಎಂಟು. ತೂಕಕ್ಕೆ ಒಂದೂ ಇಲ್ಲ.
ಹಸಿರು ಗುರುತು ನೋಡಿ ಸಿಟ್ಟು ಬಂತು,
ಸ್ವಲ್ಪ ಖುಷಿಯೂ. ಸಿಕ್ಕಿಬಿದ್ದೆಯಲ್ಲ ಮಗನೇ,
ಕಾಟಾ ಗೊತ್ತೇನು ನಿನಗೆ? ಎರಡನೇ ಗೇಟಿನ ಕಾಟಾ,
ಏನೂ ಇಡದಿದ್ದರೂ ಪಾವ್ ಕಿಲೋ ತೋರಿಸುವ ಹಲ್ಕಾ ಕಾಟಾ?
ಅದಕ್ಕೆಂದೇ ಅಶ್ಫಾಕ್ ಆ ಸಾಲು ಹಾಕಿದ್ದ,
ಈಗ ಇಂಡಿಯ ಶಾಲೆಯಲ್ಲಿ ಗಣಿತ ಕಲಿಸುವ ಅಶ್ಫಾಕ್.
ಯಾಕೆಂದು ಬರೆದಿಡೋ ಅಂದರೆ
"ಎಲ್ಲಾರಿಗೂ ಗೊತ್ತೈತಿ, ಬರಿಯೂದೇನು?" ಅಂದಿದ್ದ.

ಹಸನಡೊಂಗ್ರಿ ಕಾಕಾನಿಗೆ ಫೋನು ಹಚ್ಚಿದೆ.
ಸಾಕ್ಷಿ ಬೇಕಿತ್ತು; ಬೆರಳು ತಿರಸ್ಕಾರದ ಗುಂಡಿಯ ಮೇಲೇ ಇತ್ತು.
"ಕಾಕಾ, ಎರಡನೇ ಗೇಟಿನ ಕಾಟಾ ಇನ್ನೂ ಸುಳ್ಳ ಹೇಳತೈತಿ ಅಲ್ಲಾ?"
"ಯಾವ ಕಾಟಾ, ಭುವನಕ್ಕ? ಅದನ್ನ ಗುಜರಿಗಿ ಹಾಕೇವಲ್ಲ.
ಹೊಸಾದು ಬಂದು ಎರಡ ಸೀಜನ್ ಆತು.
ಒಂದ ದ್ರಾಕ್ಷಿ ಇಟ್ರೂ ಕಡ್ಡಿ ಮುರದಂಗ ಹೇಳತೈತಿ."

ಕೆಳಗೆ ಔಷಧಿ ಅಂಗಡಿಯಲ್ಲಿ
ಯಾರೋ ಎರಡು ರೂಪಾಯಿ ಚಿಲ್ಲರೆಗೆ ಜಗಳ ತೆಗೆದಿದ್ದರು.

ಎರಡು ಸೀಜನ್. ಹೊಸ ಕಾಟಾ ನಿಜ ನುಡಿದ ಪ್ರತಿ ಸಲವೂ
ಅದರ ಬಾಯಿಂದ ಪಾವ್ ಕಿಲೋ ಕಿತ್ತುಕೊಂಡಿದ್ದೇವೆ.
ನಲವತ್ತೊಂದು ಸಾವಿರ ಬಾಕ್ಸು.
ಹತ್ತು ಟನ್ನಿನ ಮೇಲೆ ದ್ರಾಕ್ಷಿ, ಹೆಚ್ಚುವರಿ ಎಂಬ ಖಾತೆಯಲ್ಲಿ.
ಗುರುಪಾದ ಸಾವಕಾರರು ಅದನ್ನು ದೇವರ ದಯೆ ಎನ್ನುತ್ತಿದ್ದರು.
ನಾನು ಕೂತ ಕುರ್ಚಿ, ಕೈಯಿರುವುದು,
ಅದೇ ದಯೆಯಲ್ಲಿ ಬಂದದ್ದು.

ಹಾಗಾದರೆ ಅದಕ್ಕೆ ತಿಳಿದಿತ್ತೇ? ಇಲ್ಲ.
ಕಾಟಾವೂ ಗೊತ್ತಿಲ್ಲ, ಗುಜರಿಯೂ ಗೊತ್ತಿಲ್ಲ.
ಕಾರಣ ಬರೆದಿಲ್ಲ ಎಂದಿತು, ಅಷ್ಟೇ.
ನನಗೆ ಕಾರಣ ಗೊತ್ತಿತ್ತು.
ಅದು ಸತ್ತದ್ದು ಗೊತ್ತಿರಲಿಲ್ಲ.

ಮರ್ಜ್ ಒತ್ತಿದೆ.
ನಾಳೆಯಿಂದ ಬಾಕ್ಸು ಬಾಕ್ಸಿನಷ್ಟೇ ತೂಗುತ್ತದೆ.
ನಿನ್ನೆಯದಕ್ಕೆ ಗುಂಡಿಯಿಲ್ಲ.

ಹೊಸ ಇಶ್ಯೂ ತೆರೆದೆ: ಎರಡು ಸೀಜನ್ನಿನ ಪಾವ್ ಕಿಲೋ.
ಉಳಿಸಿದೆನೋ ಇಲ್ಲವೋ, ಬಂದೇಬಿಟ್ಟಿತು,
ಹೋಟೆಲಿನಲ್ಲಿ ನೀರಿನ ಲೋಟ ಕುಕ್ಕಿದರೆ ಓಡಿಬರುವ ಹುಡುಗನ ಹಾಗೆ:
"ಇದನ್ನು ನಾನು ತೆಗೆದುಕೊಳ್ಳಲೇ?"

ಪಟ್ಟಿ ಮಾಡು, ಎಂದೆ. ಲಾಟು, ಹೆಸರು, ಎಷ್ಟು ಕಡಿಮೆ.
ನಿಮಿಷದೊಳಗೆ ಆರುನೂರ ಹದಿನೇಳು ಹೆಸರು.
ಮೂವರು ನನ್ನ ಮದುವೆಗೆ ಬಂದು ಪಾತ್ರೆ ಕೊಟ್ಟವರು.

ಉಳಿದ ಕೆಲಸದಿಂದ ಅದರ ಹೆಸರು ತೆಗೆದು ನನ್ನದು ಹಾಕಿದೆ.
ಬಗಲಚೀಲದಲ್ಲಿ ಹನ್ನೆರಡು ಹಾಳೆ,
ತೂಗಿದರೆ ನೂರು ಗ್ರಾಮೂ ಆಗಲಿಕ್ಕಿಲ್ಲ.
ಸಾವಕಾರರು ಉಂಡು ಒಂದು ಗಳಿಗೆ ಮಲಗುತ್ತಾರೆ,
ನಾಲ್ಕಕ್ಕೆ ಏಳುತ್ತಾರೆ.
ಚಹಾದ ಮೊದಲು ಹೇಳಲೋ, ಕುಡಿದಾದ ಮೇಲೋ,
ಯಾರಿಗೂ ಅಸೈನ್ ಮಾಡಲಾರದ ಈ ಒಂದನ್ನು ಹಿಡಿದು
ತಿಕೋಟಾ ಬಸ್ಸಿಗೆ ನಿಂತಿದ್ದೇನೆ.
ಎರಡು ಬಸ್ಸು ಹೋದವು.